ಚುಕ್ಕೆಯ ಮೇಲಿನ ಗೆರೆ

ಇಡೆಲ್ಲಾ ರಕ್ಸ್ ಎಂಬ ಹೆಂಗಸು ಒಂದು ಮಂಗಳವಾರ ಸಂಜೆ, ತುಂಬಿದ ಸಭೆಯಲ್ಲಿ, ರಾಜ್ಯದ ಶಿಕ್ಷಣ ಕಮಿಷನರನ ಬೆನ್ನೆಲುಬನ್ನು ಕತ್ತಿನಿಂದ ಸೊಂಟದ ತನಕ ನಾಲ್ಕೇ ಸೆಕೆಂಡಿನಲ್ಲಿ ಬಿಡಿಸಿ ತೆಗೆದಳು. ಒಂದು ಹನಿ ರಕ್ತ ಬೀಳಲಿಲ್ಲ. ಆತನಿಗೆ ಗೊತ್ತೂ ಆಗಲಿಲ್ಲ. ಭಾಷಣ ಮುಗಿಸಿ, ನೀರು ಕುಡಿದು, ಏಳಲು ಹೋದಾಗ ಕೋಟಿನ ಸಮೇತ ಕುರ್ಚಿಯ ಕೆಳಕ್ಕೆ ಜಾರಿಕೊಂಡ. ಇಡೆಲ್ಲಾ ಆ ಮೂಳೆಯನ್ನು ಮನೆಗೆ ಒಯ್ದು ಸಾರು ಮಾಡಿದಳು. ಸಪ್ಪೆಯಾಗಿತ್ತಂತೆ.

ನಂಬಿಕೆ ಬರದಿದ್ದರೆ ನಮ್ಮ ಜಿಲ್ಲೆಗೆ, ಟಾಲಿವರ್ ಕೌಂಟಿಗೆ ಬಂದು ಯಾರನ್ನಾದರೂ ಕೇಳಿ.

ಇಡೆಲ್ಲಾ ಇಪ್ಪತ್ತೆರಡು ವರ್ಷದಿಂದ ಮೀನಿನ ಕಾರ್ಖಾನೆಯಲ್ಲಿ ಚಾಕು ಹಿಡಿದವಳು. ಅಲ್ಲಿ ಮೀಸೆಮೀನು ತಲೆ ಕಳೆದುಕೊಂಡು ಓಡುವ ಪಟ್ಟಿಯ ಮೇಲೆ ಸಾಲಾಗಿ ಬರುತ್ತದೆ. ಇಕ್ಕೆಲದಲ್ಲಿ ನಿಂತ ಹೆಂಗಸರು ಮೂಳೆಯಿಂದ ಮಾಂಸ ಬಿಡಿಸುತ್ತಾರೆ. ಬೇರೆಯವರು ನಿಮಿಷಕ್ಕೆ ಹನ್ನೆರಡು ಬಿಡಿಸಿದರೆ ಇಡೆಲ್ಲಾ ನಾನೂರು. ಅವಳ ಚಾಕು ಕಂಡರೆ ಸಾಕು, ಮೀನುಗಳು ತಾವೇ ಮೂಳೆ ಕಳಚಿ ಕೊಡುತ್ತಿದ್ದವು. ನದಿ ಬಯಲಿನ ಈ ಇಡೀ ಡೆಲ್ಟಾದಲ್ಲಿ ಅವಳಷ್ಟು ಚೆಲುವೆ, ಅವಳಷ್ಟು ಬುದ್ಧಿವಂತೆ, ಅವಳಷ್ಟು ಧೈರ್ಯದವಳು ಹುಟ್ಟಿರಲಿಲ್ಲ. ಹುಟ್ಟುವ ಲಕ್ಷಣವೂ ಇಲ್ಲ.

ಅವಳ ಎಡಕ್ಕೆ ನಿಲ್ಲುತ್ತಿದ್ದವಳು ವರ್ಲೀನ್ ಟಗಲ್. ಹದಿನಾಲ್ಕು ವರ್ಷದಿಂದ ಮೊಣಕೈಗೆ ಮೊಣಕೈ ತಾಗಿಸಿ ನಿಂತವಳು. ಮಾತು ಕಡಿಮೆ. ಬೂಟಿನೊಳಗೆ ಹಿಮದಂಥ ನೀರು. ಪಾಳಿಗೆ ಎರಡು ಸಲ ಕಕ್ಕಸು, ಐದೈದು ನಿಮಿಷ, ಸೂಪರ್‌ವೈಸರ್ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಬೆಳಿಗ್ಗೆ ಎದ್ದರೆ ವರ್ಲೀನಳ ಬೆರಳುಗಳು ಚಾಕು ಹಿಡಿದ ಹಾಗೆಯೇ ಮಡಚಿಕೊಂಡಿರುತ್ತಿದ್ದವು. ಮಗಳು ಟಮೀರಾ ಶಾಲೆಗೆ ಹೋಗುವ ಮುಂಚೆ ಬಿಸಿನೀರಿನ ಬೋಗುಣಿಯಲ್ಲಿ ಅಮ್ಮನ ಕೈ ಅದ್ದಿ, ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಬಿಡಿಸುತ್ತಾ ಪಾಠದ ಪದಗಳನ್ನು ಹೇಳಿಕೊಳ್ಳುತ್ತಿದ್ದಳು. ಬೆರಳಿಗೊಂದು ಪದ. ಆ ಹುಡುಗಿ ಮೂರನೆಯ ತರಗತಿ.

ನಮ್ಮ ರಾಜ್ಯದಲ್ಲಿ ಮೂರನೆಯ ತರಗತಿಯ ಮಕ್ಕಳಿಗೆ ಒಂದು ಓದಿನ ಪರೀಕ್ಷೆ ಇದೆ. ಅದರಲ್ಲಿ ಗೆದ್ದರೆ ನಾಲ್ಕು, ಸೋತರೆ ಮತ್ತೆ ಮೂರು. ಊರಿನ ನಡುವೆ ಹಾಯುವ ರೈಲು ಹಳಿಯ ಈಚೆ ನಾವು ಕರಿಯರು. ಹಳಿಯ ಆಚೆ ಬಿಳಿಯರ ಮಕ್ಕಳು ಹೋಗುವ ಖಾಸಗಿ ಅಕಾಡೆಮಿಯಲ್ಲಿ ಈ ಪರೀಕ್ಷೆ ಇಲ್ಲ. ಅಲ್ಲಿನ ಮಕ್ಕಳು ಹುಟ್ಟುತ್ತಲೇ ಓದಿಕೊಂಡು ಬಂದಿರಬೇಕು.

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ವರ್ಲೀನ್ ಲಕೋಟೆಯನ್ನು ಒಡೆಯದೆ ಏಪ್ರನ್ನಿನೊಳಗೆ ಇಟ್ಟುಕೊಂಡು ಬಂದಳು. ಊಟದ ಬಿಡುವಿನಲ್ಲಿ ಎಲ್ಲರ ಮುಂದೆ ಒಡೆದಳು. ನಾಲ್ಕು ಪುಟ. ಮೊದಲ ಪುಟದಲ್ಲಿ ಕಮಿಷನರನ ಕಾಗದ, ನಿಮ್ಮ ಮಗುವಿನ ಕಲಿಕೆಯ ಪಯಣಕ್ಕೆ ಶುಭಾಶಯ. ಎರಡನೆಯ ಪುಟದಲ್ಲಿ ಉದ್ದನೆಯ ಒಂದು ಪಟ್ಟೆ. 'ಹಳದಿ ಭಾಗ ನೋಡಿ, ಹಸಿರು ಭಾಗ ನೋಡಿ' ಎಂದು ಬರೆದಿತ್ತು. ಜಿಲ್ಲಾ ಕಚೇರಿಯವರು ಕಪ್ಪು ಬಿಳುಪಿನ ಯಂತ್ರದಲ್ಲಿ ತೆಗೆದು ಕಳಿಸಿದ್ದರು. ಹಳದಿಯೂ ಬೂದಿ, ಹಸಿರೂ ಬೂದಿ. ಮಾಪಕ ಅಂಕ ಮುನ್ನೂರ ನಲವತ್ತೇಳು. ಯಾವುದಕ್ಕೆ ಮುನ್ನೂರ ನಲವತ್ತೇಳು? ಹೇಳಿರಲಿಲ್ಲ. ಪಾಸು ಎಂಬ ಪದ ಇರಲಿಲ್ಲ. ಫೇಲು ಎಂಬ ಪದವೂ ಇರಲಿಲ್ಲ. ಪಟ್ಟೆಯ ಮೇಲೆ ಒಂದು ಚುಕ್ಕೆ ಇತ್ತು. ಚುಕ್ಕೆಯ ಮೇಲೆ ಒಂದು ಅಡ್ಡಗೆರೆ.

ವರ್ಲೀನ್ ಎದ್ದು ನಿಂತು ಕಿರುಚಿದಳು.

"ಗೆರೆ ಇದೆ! ಚುಕ್ಕೆ ಮೇಲೆ ಗೆರೆ ಇದೆ ಕಣ್ರೇ!"

ನಮ್ಮ ಕಾರ್ಖಾನೆಯಲ್ಲಿ ಪಾಳಿ ಮುಗಿದ ಮೇಲೆ ಬಾಗಿಲ ಬಳಿ ಒಂದು ಹಾಳೆ ಅಂಟಿಸುತ್ತಾರೆ. ಪ್ರತಿ ಹೆಸರಿನ ಮುಂದೆ ಒಂದು ಚುಕ್ಕೆ. ಮೂಳೆಯಲ್ಲಿ ಮಾಂಸ ಉಳಿಸದೆ ಬಿಡಿಸಿದ್ದರೆ ಸೂಪರ್‌ವೈಸರ್ ಆ ಚುಕ್ಕೆಯ ಮೇಲೆ ಅಡ್ಡಗೆರೆ ಎಳೆಯುತ್ತಾನೆ. ಗೆರೆ ಇದ್ದರೆ ಪಾಸು, ಮನೆಗೆ ನಡಿ. ಬರಿ ಚುಕ್ಕೆಯಿದ್ದರೆ ಮುಂದಿನ ವಾರ ಕರುಳು ತೊಳೆಯುವ ಕೆಲಸ. ಆ ಹಾಳೆಯನ್ನು ಓದಲು ಯಾರಿಗೂ ಎರಡು ಸೆಕೆಂಡು ಬೇಕಿಲ್ಲ. ಹದಿನಾಲ್ಕು ವರ್ಷ ದಿನವೂ ಓದಿದವಳು ವರ್ಲೀನ್.

"ಕೊಡು ಇಲ್ಲಿ" ಎಂದಳು ಇಡೆಲ್ಲಾ. ಓದಿನ ವಿಷಯ ಬಂದರೆ ಊರೇ ಅವಳ ಕೈಗೆ ಕಾಗದ ಕೊಡುತ್ತಿತ್ತು. ಕನ್ನಡಕವಿಲ್ಲದೆ, ಒಂದೇ ನೋಟಕ್ಕೆ ನಾಲ್ಕೂ ಪುಟ ಓದಿ ಮುಗಿಸಿದಳು. "ಪಾಸು. ನಿನ್ನ ಮಗಳು ಪಾಸು. ಕೇಕ್ ಯಾವಾಗ?"

ಶನಿವಾರ ಕೇಕ್ ಆಯಿತು. ಚಾಕು ಹಿಡಿಯುವ ಹೆಂಗಸರೆಲ್ಲ ಬಂದರು. ಟಮೀರಾ ಎಲ್ಲರಿಗೂ ಒಂದೊಂದು ಪುಟ ಗಟ್ಟಿಯಾಗಿ ಓದಿ ತೋರಿಸಿದಳು.

ಆಗಸ್ಟಿನಲ್ಲಿ ಶಾಲೆ ತೆರೆಯಿತು. ಟಮೀರಾ ಹೊಸ ಬೂಟು ಹಾಕಿಕೊಂಡು ನಾಲ್ಕನೆಯ ತರಗತಿಯ ಮೊದಲ ಸಾಲಿನಲ್ಲಿ ಕೂತಳು. ಪಟ್ಟಿ ಹಿಡಿದ ಟೀಚರೊಬ್ಬಳು ಬಂದಳು. ಹೆಸರು ಕೂಗಿದಳು. ಕೈ ಹಿಡಿದು ಎಬ್ಬಿಸಿದಳು. ಎಲ್ಲ ಮಕ್ಕಳ ಎದುರು ಉದ್ದದ ಮೊಗಸಾಲೆ ದಾಟಿಸಿ, ಹಳೆಯ ಕೋಣೆಯಲ್ಲಿ, ಎಂಟು ವರ್ಷದ ಮಕ್ಕಳ ನಡುವೆ ಕೂರಿಸಿದಳು.

ಮರುದಿನ ಬೆಳಿಗ್ಗೆ ಟಮೀರಾ ಬೋಗುಣಿ ಇಡಲಿಲ್ಲ.

"ಅಮ್ಮಾ, ನಿಂಗೆ ಓದೋಕೆ ಬರಲ್ವಾ?" ಎಂದಷ್ಟೇ ಕೇಳಿದಳು.

ವರ್ಲೀನ್ ಮಡಚಿದ ಬೆರಳಿನಲ್ಲೇ ಕೆಲಸಕ್ಕೆ ಬಂದಳು. ಆ ದಿನ ಅವಳ ಚುಕ್ಕೆಗೆ ಗೆರೆ ಬೀಳಲಿಲ್ಲ.

ಪಾಳಿ ಮುಗಿಸಿ ಇಬ್ಬರೂ ಜಿಲ್ಲಾ ಕಚೇರಿಗೆ ಹೋದರು. ಬಟ್ಟೆ ಬದಲಿಸುವಷ್ಟು ಹೊತ್ತಿರಲಿಲ್ಲ. ನಾಲ್ಕೂವರೆಗೆ ಕಚೇರಿ ಬಾಗಿಲು ಹಾಕುತ್ತದೆ. ಪರೀಕ್ಷಾ ವಿಭಾಗದ ಮುಖ್ಯಸ್ಥೆ ಮಿಸ್ ಪ್ರಿಚೆಟ್. ಹಳಿಯ ಆಚೆಯವಳು. ಅವಳ ಇಬ್ಬರು ಮಕ್ಕಳೂ ಅಕಾಡೆಮಿಯಲ್ಲಿ. ಇವರು ಒಳಗೆ ಬರುತ್ತಿದ್ದಂತೆ ಆಕೆ ಡ್ರಾಯರ್ ಎಳೆದು ರೂಮ್ ಫ್ರೆಶ್ನರ್ ಡಬ್ಬಿ ತೆಗೆದಳು. ಮುಖಕ್ಕೆ ಹೊಡೆಯಲಿಲ್ಲ, ಅಷ್ಟು ಮರ್ಯಾದೆ ಇತ್ತು. ತಲೆಯ ಮೇಲಿನ ಗಾಳಿಗೆ ಹೊಡೆದಳು. ನಿಂಬೆಯ ವಾಸನೆ ಹನಿಹನಿಯಾಗಿ ವರ್ಲೀನಳ ಕೂದಲ ಮೇಲೆ ಇಳಿಯಿತು.

"ನಾಲ್ಕನೇ ಪುಟ" ಎಂದಳು ಪ್ರಿಚೆಟ್, ಕಿವುಡರಿಗೆ ಹೇಳುವ ಹಾಗೆ. "ನಾಲ್ಕನೇ, ಪುಟ, ನೋಡಿದ್ರಾ? ಕೆಳಗಡೆ."

ಕೆಳಗಡೆ ಇರುವೆ ಸಾಲಿನಂಥ ಅಕ್ಷರ. ಆ ಗೆರೆಯ ಅರ್ಥ ಅಲ್ಲಿತ್ತು. ಚುಕ್ಕೆ ಎಂದರೆ ಮಗು ಆ ದಿನ ಪಡೆದ ಅಂಕ. ಗೆರೆ ಎಂದರೆ ಅದೇ ಮಗು ಇನ್ನೊಂದು ದಿನ ಬರೆದಿದ್ದರೆ ಅಂಕ ಎಷ್ಟು ಮೇಲೆ ಕೆಳಗೆ ಆಗಬಹುದಿತ್ತು ಎಂಬ ಅಂದಾಜು. ಟಮೀರಾಳ ಚುಕ್ಕೆ ಗೆಲುವಿನ ಗಡಿಗಿಂತ ಒಂದು ಕೂದಲಷ್ಟು ಕೆಳಗಿತ್ತು. ಗೆರೆ ಗಡಿಯನ್ನು ದಾಟಿತ್ತು. ಹಾಗೆ ದಾಟಿದ್ದರೆ ತಾಯಿತಂದೆ ಹತ್ತು ಕೆಲಸದ ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು. ಆಗ ಟೀಚರು ವರ್ಷವಿಡೀ ಕೊಟ್ಟ ಅಂಕವನ್ನೂ ಸೇರಿಸಿ ನೋಡಿ ಮಗುವನ್ನು ಮುಂದಕ್ಕೆ ಕಳಿಸುತ್ತಾರೆ.

ಆ ಹತ್ತು ದಿನ ಮುಗಿದು ಏಳು ವಾರವಾಗಿತ್ತು.

"ಇದು ಪಾಸು ಗೆರೆ ಅಂದ್ಕೊಂಡೆ ಮೇಡಂ" ಎಂದಳು ವರ್ಲೀನ್. "ನಮ್ಮ ಕಾರ್ಖಾನೇಲಿ..."

"ಇದು ಮೀನಿನ ಕಾರ್ಖಾನೆ ಅಲ್ಲ."

"ಮಗು ಟೀಚರು ಅವಳಿಗೆ ಚೆನ್ನಾಗೇ ಅಂಕ ಕೊಟ್ಟಿದಾರೆ. ಒಂದ್ಸಲ ನೋಡಿ ಮೇಡಂ."

"ರಿಪೋರ್ಟು ಸರಳವಾಗಿದೆ. ನಿಮ್ಮಂಥ ತಾಯಂದಿರಿಗೇ ತೋರಿಸಿ, ಅರ್ಥ ಆಗುತ್ತೆ ಅಂತ ಖಾತ್ರಿ ಮಾಡ್ಕೊಂಡಿದೀವಿ. ಓದಬೇಕು ಅನ್ನೋ ಮನಸ್ಸಿರಬೇಕು ಅಷ್ಟೆ." ಒಂದು ಕರಪತ್ರ ಕೊಟ್ಟಳು: ರಿಪೋರ್ಟು ಓದುವುದು ಹೇಗೆ. ಅದೂ ಬೂದಿ ಬಣ್ಣ.

ಆ ಕ್ಷಣ ಇಡೆಲ್ಲಾಳ ಮೂಗಿನಿಂದ ಬೆಂಕಿ ಬಂತು. ಕಚೇರಿಯ ಪರದೆ ಸುಟ್ಟಿತು. ಆದರೆ ವರ್ಲೀನ್ ಅವಳ ತೋಳು ಹಿಡಿದು ಹೊರಗೆ ಎಳೆದಳು. ಮೆಟ್ಟಿಲಿನ ಮೇಲೆ ಕೂತು ಕೂದಲಿಗೆ ಅಂಟಿದ್ದ ನಿಂಬೆಯ ವಾಸನೆಯನ್ನು ಅಂಗಿಯ ತುದಿಯಿಂದ ಒರೆಸಿಕೊಂಡಳು. ಒರೆಸಿದಷ್ಟೂ ಅದು ಹೋಗಲಿಲ್ಲ.

"ಸುಮ್ನೆ ಬಿಡಲ್ಲ ಕಣೇ" ಎಂದಳು ಇಡೆಲ್ಲಾ. "ಅವಳೂ ಒಂದ್ಸಲ ಕಾಗದ ಹಿಡ್ಕೊಂಡು ಪೆದ್ದಿ ಥರ ನಿಲ್ಲಬೇಕು. ಎಲ್ಲರ ಮುಂದೆ. ನಿಲ್ಲಿಸ್ತೀನಿ."

"ನಂಗೆ ಅವಳು ಬೇಡ" ಎಂದಳು ವರ್ಲೀನ್. "ಟಮೀರಾ ನಾಲ್ಕಕ್ಕೆ ಹೋಗಬೇಕು. ಅಷ್ಟು ಮಾಡು."

ಮೂರು ವಾರ ಇಡೆಲ್ಲಾ ಊಟ ಮಾಡಲಿಲ್ಲ, ಅಂದರೆ ಊಟದ ಬಿಡುವಿನಲ್ಲಿ ಬರೆಯುತ್ತಾ ಕೂತಳು. ಶಾಲಾ ಮಂಡಳಿಯ ಐವರು ಸದಸ್ಯರಿಗೆ ಐದು, ಪ್ರಿಚೆಟ್‌ಗೆ ಒಂದು, ಒಟ್ಟು ಆರು ಅಂಕಪಟ್ಟಿ. ಮೀನಿನ ಕಾರ್ಖಾನೆಯ ಲೆಕ್ಕದಲ್ಲಿ. ಪಕ್ಕದಲ್ಲಿ ಕೂತ ಹೆಂಗಸರು ಚಪ್ಪರಿಸಿಕೊಂಡು ಸಲಹೆ ಕೊಟ್ಟರು.

"ಪ್ರಿಚೆಟ್‌ಗೆ ಕರುಳಿನಲ್ಲಿ ಎಷ್ಟು ಹಾಕ್ತೀಯಾ?"

"ತೊಂಬತ್ತೆಂಟು."

"ಅದು ಜಾಸ್ತಿನೋ ಕಡಿಮೆನೋ?"

"ಅವಳೇ ಕಂಡುಹಿಡೀಲಿ."

ಸೆಪ್ಟೆಂಬರಿನ ಮೊದಲ ಮಂಗಳವಾರ ಸಂಜೆ ಆರಕ್ಕೆ ಸಭೆ. ಆರುನೂರು ಜನ ಬಂದಿದ್ದರು. ಕಿಟಕಿಗೆ ಜೋತುಬಿದ್ದವರು ಬೇರೆ. ವೇದಿಕೆಯ ಮೇಲೆ ಐವರು, ಅಧ್ಯಕ್ಷ ಮಿಸ್ಟರ್ ಹೊಲೋವೇ ನಡುವೆ. ಪಕ್ಕದ ಮೇಜಿನಲ್ಲಿ ಪ್ರಿಚೆಟ್. ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಇಡೆಲ್ಲಾ ಬೇಕೆಂದೇ ಕೆಲಸದ ಬೂಟಿನಲ್ಲಿ, ರಕ್ತದ ಕಲೆಯ ಏಪ್ರನ್ನಿನಲ್ಲಿ ಬಂದಿದ್ದಳು. ಮೈಕಿನ ಮುಂದೆ ನಿಂತಳು. ಚೀಲದಿಂದ ರೂಮ್ ಫ್ರೆಶ್ನರ್ ಡಬ್ಬಿ ತೆಗೆದಳು. ಪ್ರಿಚೆಟ್ ಕೂತಿದ್ದ ಕಡೆಗೆ, ತಲೆಯ ಮೇಲಿನ ಗಾಳಿಗೆ, ಉದ್ದಕ್ಕೆ ಹೊಡೆದಳು.

"ತಪ್ಪು ತಿಳ್ಕೋಬೇಡಿ ಮೇಡಂ" ಎಂದಳು ಇಡೆಲ್ಲಾ. "ನಿಮ್ಮ ಆಫೀಸಲ್ಲಿ ಇದೇ ಪದ್ಧತಿ ಅಂತ ಗೊತ್ತಾಯ್ತು."

ಆಮೇಲೆ ಹಾಳೆ ಹಂಚಿದಳು. ಬೂದಿ ಬಣ್ಣದ ಪಟ್ಟೆ, ಮೇಲೆ ಚುಕ್ಕೆ, ತಲೆ ತೆಗೆದ ಮೇಲಿನ ಇಳುವರಿ ಮೂವತ್ತೊಂದು, ಮೂಳೆಶೇಷ ಆರು, ಕರುಳು ತೊಂಬತ್ತೆಂಟು.

"ಹೇಳಿ ಮೇಡಂ. ಪಾಸೋ ಫೇಲೋ?"

ಪ್ರಿಚೆಟ್ ಹಾಳೆ ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ಇದೇನು ತಮಾಷೆ?"

"ನಿಧಾನಕ್ಕೆ ಓದಿ. ಓದಬೇಕು ಅನ್ನೋ ಮನಸ್ಸಿರಬೇಕು ಅಷ್ಟೆ."

ಹಿಂದಿನ ಸಾಲಿನಿಂದ ಯಾರೋ "ಹೌದು ಸಿಸ್ಟರ್!" ಎಂದರು, ಚರ್ಚಿನಲ್ಲಿ ಕೂಗುವ ಹಾಗೆ.

"ಬರಿ ಚುಕ್ಕೆ ಇದೆ. ಇದಕ್ಕೇನರ್ಥ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಗೆರೆ ಇಲ್ಲ ಅಂದ್ರೆ ಫೇಲು ಮೇಡಂ. ನಾಳೆಯಿಂದ ಕರುಳು ತೊಳೀಬೇಕು. ನಮ್ಮಲ್ಲಿ ಅಕ್ಷರ ಬರದವರೂ ಇದನ್ನ ಓದ್ತಾರೆ. ಒಪ್ಪಿಗೆ ಇಲ್ದಿದ್ರೆ ಅರ್ಜಿ ಹಾಕಬಹುದು. ಹಿಂದಿನ ಪುಟದಲ್ಲಿ ಬರೆದಿದೀನಿ, ಕೆಳಗಡೆ, ಚಿಕ್ಕದಾಗಿ. ಗಡುವು ಇವತ್ತು ಬೆಳಿಗ್ಗೆ ಆರು ಗಂಟೆಗೆ ಮುಗೀತು."

ಸಭೆ ನಕ್ಕಿತು. ಚಾವಣಿ ಹಾರಿಹೋಗಿ ನದಿಗೆ ಬಿತ್ತು. ಪ್ರಿಚೆಟಳ ಕುತ್ತಿಗೆ ಕೆಂಪಾಯಿತು, ಕಿವಿ ಕೆಂಪಾಯಿತು. ಇಡೆಲ್ಲಾ ಆ ಕೆಂಪನ್ನು ನಿಂತು ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ರುಚಿಯಾದದ್ದನ್ನು ಅವಳು ತಿಂದಿರಲಿಲ್ಲ.

"ಟಮೀರಾ ಟಗಲ್‌ಳ ಗಡುವು ಮತ್ತೆ ತೆರೀರಿ" ಎಂದಳು. "ಈ ರಿಪೋರ್ಟು ಯಾರಿಗೂ ಅರ್ಥ ಆಗಲ್ಲ."

ಪ್ರಿಚೆಟ್ ಆಗ ಒಂದು ಕಡತ ತೆರೆದಳು. ಅವಸರ ಮಾಡಲಿಲ್ಲ.

"ಅಧ್ಯಕ್ಷರೇ, ಎರಡು ವರ್ಷದ ಹಿಂದೆ ಇದೇ ಊರಿನ ಚರ್ಚಿನಲ್ಲಿ ಈ ರಿಪೋರ್ಟನ್ನ ಹನ್ನೊಂದು ತಾಯಂದಿರಿಗೆ ತೋರಿಸಿದ್ವಿ. ಹನ್ನೊಂದು ಜನಾನೂ 'ಪೂರ್ತಿ ಅರ್ಥವಾಯಿತು' ಅಂತ ಗುರುತು ಹಾಕಿದಾರೆ. ಮೊದಲನೇ ಫಾರಂ ಓದ್ತೀನಿ. 'ಬಹಳ ಸುಲಭ. ನಾನು ಒಂದೇ ನಿಮಿಷದಲ್ಲಿ ಓದಿ ಮುಗಿಸಿದೆ. ಇದು ಅರ್ಥವಾಗದವರು ಶಾಲೆಗೇ ಹೋಗಿಲ್ಲ.' ಕೆಳಗೆ ಸಹಿ. ಇಡೆಲ್ಲಾ ರಕ್ಸ್."

ಈ ಕಥೆಯನ್ನು ಚಾವಣಿ ಹಾರಿದಲ್ಲಿಗೇ ನಿಲ್ಲಿಸಬೇಕೆಂದಿತ್ತು. ಇಷ್ಟು ಸಲ ಹೇಳುವಾಗಲೂ ಅಲ್ಲಿಗೇ ನಿಲ್ಲಿಸಿದ್ದೇನೆ. ಈಗ ಆಗುವುದಿಲ್ಲ.

ಆ ಇಡೆಲ್ಲಾ ನಾನೇ.

ನಿಮಿಷಕ್ಕೆ ನಾನೂರಲ್ಲ, ಹನ್ನೊಂದು. ಕಮಿಷನರ್ ಆ ಸಭೆಗೆ ಬಂದೇ ಇರಲಿಲ್ಲ. ಹಳಿಯ ಈಚೆ ಆತನನ್ನು ಕಂಡವರಿಲ್ಲ. ಇದ್ದದ್ದು ಆರುನೂರು ಜನವಲ್ಲ, ಮೂವತ್ತೊಂದು. ಆ ಕಚೇರಿಯಲ್ಲಿ ನನ್ನ ಮೂಗಿನಿಂದ ಬೆಂಕಿಯೂ ಬರಲಿಲ್ಲ, ಬಾಯಿಂದ ಮಾತೂ ಬರಲಿಲ್ಲ. ಜೂನಿನಲ್ಲಿ ನಾಲ್ಕೂ ಪುಟ ಓದಿರಲಿಲ್ಲ, ನಾನೂ ಗೆರೆ ನೋಡಿಯೇ ಪಾಸು ಎಂದಿದ್ದೆ. ಫ್ರೆಶ್ನರ್ ಹೊಡೆದದ್ದು ನಿಜ. ಹಾಳೆ ಹಂಚಿದ್ದು ನಿಜ. ಆ ಫಾರಂ ಕೂಡ ನಿಜ.

ಫಾರಂ ಬರೆದ ಆ ದಿನ, ಎರಡು ವರ್ಷದ ಹಿಂದೆ, ಪಾಳಿ ಮುಗಿಸಿ ನೇರ ಚರ್ಚಿಗೆ ಹೋಗಿದ್ದೆವು. ಕರಿದ ಕೋಳಿಯ ಡಬ್ಬಿ ಕೊಟ್ಟರು. ರಿಪೋರ್ಟು ತಯಾರಿಸಿದ ಕಂಪನಿಯ ಹುಡುಗಿಯೊಬ್ಬಳು ಹೆಗಲ ಹತ್ತಿರ ನಿಂತು, ನಗುತ್ತಾ, "ಅರ್ಥ ಆಯ್ತಲ್ವಾ?" ಎಂದಳು. ನನಗೆ ಒಂದು ಗೆರೆಯೂ ಅರ್ಥವಾಗಿರಲಿಲ್ಲ. ಉಳಿದ ಹತ್ತು ಜನ ನನ್ನ ಮುಖ ನೋಡುತ್ತಿದ್ದರು, ಏಕೆಂದರೆ ಓದಿನವಳು ನಾನು. ಊರಿನ ಕಾಗದವೆಲ್ಲ ನನ್ನ ಕೈಗೆ ಬರುತ್ತಿತ್ತು. ನಾನು ಬರೆದೆ. ಅವರು ನನ್ನ ಹಾಳೆ ನೋಡಿಕೊಂಡು ಬರೆದರು. ವರ್ಲೀನ್ ಅವತ್ತು ಬಂದಿರಲಿಲ್ಲ. ಮಗಳಿಗೆ ಜ್ವರವಿತ್ತು.

ಸಭೆಯಲ್ಲಿ ನಾನು ಮೊದಲು, "ಅದು ನನ್ನ ಸಹಿ ಅಲ್ಲ" ಎಂದೆ. ಅದನ್ನೂ ಹೇಳಿಬಿಡುತ್ತೇನೆ. ವರ್ಲೀನ್ ಮುಂದಿನ ಸಾಲಿನಲ್ಲಿ ಕೂತಿದ್ದಳು. ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದಳು.

ಆಗ ನನ್ನ ಬಾಯಿಂದ ಬೇರೆ ಮಾತು ಬಂತು.

"ನನ್ನದೇ ಸಹಿ. ಬರೆದದ್ದು ಸುಳ್ಳು. ಏನೂ ಅರ್ಥ ಆಗಿರ್ಲಿಲ್ಲ. ಹೆಮ್ಮೆಗೆ ಬರೆದೆ. ಬರ್ಕೊಳ್ಳಿ, ಸಭೆಯ ಪುಸ್ತಕದಲ್ಲಿ ಬರ್ಕೊಳ್ಳಿ, ಇಡೆಲ್ಲಾ ರಕ್ಸ್ ಸುಳ್ಳಿ ಅಂತ. ಆದ್ರೆ ಮೇಡಂ, ನೀವು 'ಅರ್ಥ ಆಯ್ತಾ' ಅಂತ ಕೇಳಿದ್ರಿ. ನಮ್ಮಂಥವರು ನಿಮ್ಮಂಥವರ ಮುಂದೆ ಅದಕ್ಕೆ ಇಲ್ಲ ಅನ್ನಲ್ಲ. ಇಲ್ಲ ಅಂದ್ರೆ ನೀವು ಹೇಗೆ ನೋಡ್ತೀರಿ ಅಂತ ನಮಗೆ ಗೊತ್ತು, ನಮಗೆ ಗೊತ್ತು ಅನ್ನೋದು ನಿಮಗೂ ಗೊತ್ತು. 'ಈ ಮಗು ಪಾಸೋ ಫೇಲೋ, ಮುಂದೆ ನೀವೇನು ಮಾಡಬೇಕು' ಅಂತ ಒಬ್ಬರನ್ನಾದ್ರೂ ಕೇಳಿದ್ರಾ? ಒಬ್ಬರನ್ನ?"

ಪ್ರಿಚೆಟ್ ಕಡತ ಮುಚ್ಚಿದಳು.

ವರ್ಲೀನ್ ಎದ್ದಳು. ವೇದಿಕೆಯ ಹತ್ತಿರ ಹೋಗಿ, ಟಮೀರಾಳ ಎರಡನೆಯ ಪುಟವನ್ನು ಹೊಲೋವೇ ಮುಂದೆ ಇಟ್ಟಳು. ಆತ ಕನ್ನಡಕ ಹಾಕಿಕೊಂಡ. ತೆಗೆದ. ಮೂವತ್ತು ವರ್ಷ ವಕೀಲಿಕೆ ಮಾಡಿದವನು. ಹಾಳೆಯನ್ನು ದೀಪದ ಕೆಳಗೆ ಹಿಡಿದ.

"ಪಾಸಾಗಿದ್ದಾಳೆ" ಎಂದ. ಆಮೇಲೆ ಪ್ರಿಚೆಟ್ ಕಡೆ ನೋಡಿ, "ಅಲ್ವಾ?"

ನಾನು ಕಾಯುತ್ತಿದ್ದ ಆ ಪೆದ್ದಿಯ ಮುಖ ಆಗ ಪ್ರಿಚೆಟಳಲ್ಲಿ ಕಂಡಿತು. ಕಂಡಾಗ ನನ್ನ ಬಾಯಿ ಒಣಗಿತ್ತು, ರುಚಿ ಗೊತ್ತಾಗಲಿಲ್ಲ.

ಮೂರಕ್ಕೆ ಎರಡು ಮತದಲ್ಲಿ ಗಡುವು ತೆರೆದರು. ಟಮೀರಾಗೆ ಮಾತ್ರವಲ್ಲ, ಗೆರೆ ಗಡಿ ದಾಟಿದ ಇಪ್ಪತ್ತಮೂರು ಮಕ್ಕಳಿಗೆ. ಅಕ್ಟೋಬರ್ ಹತ್ತರಂದು ಟಮೀರಾ ಅದೇ ಮೊಗಸಾಲೆ ದಾಟಿಕೊಂಡು ನಾಲ್ಕನೆಯ ತರಗತಿಗೆ ಹೋದಳು. ಮೆರವಣಿಗೆ ಇರಲಿಲ್ಲ, ಬ್ಯಾಂಡು ಇರಲಿಲ್ಲ. ಕೊನೆಯ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು.

ವರ್ಲೀನ್ ಸೂಪರ್‌ವೈಸರನನ್ನು ಕೇಳಿ ಓಡುವ ಪಟ್ಟಿಯ ಆಚೆ ಬದಿಗೆ ಜಾಗ ಬದಲಿಸಿಕೊಂಡಿದ್ದಾಳೆ. ಈಗ ನನ್ನ ಎಡಕ್ಕೆ ಯಾರೂ ಇಲ್ಲ. ಮೀನು ನಮ್ಮಿಬ್ಬರ ನಡುವೆ ಹಾಯುತ್ತದೆ. ಎದುರುಬದುರು ನಿಂತರೂ ಆರು ವಾರ ಮಾತಾಡಲಿಲ್ಲ. ಹೋದ ಶುಕ್ರವಾರ ಚಾಕು ಒರೆಸುತ್ತಾ, ನನ್ನ ಕಡೆ ನೋಡದೆ, ಯಂತ್ರದ ಸದ್ದಿನಲ್ಲಿ ಬೇರೆ ಯಾರಿಗೂ ಕೇಳದ ಹಾಗೆ ಅಂದಳು:

"ಅವತ್ತು ಚರ್ಚಲ್ಲಿ ನೀನು ಇಲ್ಲ ಅಂತ ಬರೆದಿದ್ರೆ ಸಾಕಿತ್ತು ಕಣೇ."